ಕಾರಿನ ಹಿಂಬದಿಗೆ ದಪ್ಪ ಸ್ಟೆಬಿಲೈಜರ್ ರಾಡ್: ಮನೆಯಲ್ಲೇ ಕೂಡಿಸುವುದು ಹೇಗೆ

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದವರಿಗೆ ಇದು ಗೊತ್ತು. ಇಲ್ಲಿ ಬಯಲಲ್ಲಿ ನೆಟ್ಟಗೆ ಓಡುವ ಕಾರು ಅಲ್ಲಿ ತಿರುವಿಗೊಮ್ಮೆ ವಾಲುತ್ತದೆ. ಹಿಂದೆ ಕೂತ ಅವ್ವ ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಸ್ಟೇರಿಂಗ್ ತಿರುಗಿಸಿದಷ್ಟು ಮೂತಿ ತಿರುಗುವುದಿಲ್ಲ, ಹೊರಗೆ ಎಳೆಯುತ್ತದೆ. ನನ್ನ ಹಳೆಯ ಸೆಡಾನ್ ಹೀಗೇ ಇತ್ತು. ಹಿಂದಿನ ಸ್ಟೆಬಿಲೈಜರ್ ರಾಡ್ ಬದಲಿಸಿ ದಪ್ಪನೆಯದು ಹಾಕಿದ ಮೇಲೆ ಅದೇ ಘಾಟಿಯಲ್ಲಿ ಅದೇ ಕಾರು ಬೇರೆ ಥರ ನಡೆಯಿತು. ಕೆಲಸ ಮನೆ ಹಿತ್ತಲಲ್ಲೇ ಮಾಡಿದ್ದು, ನಾನು ಮತ್ತು ಅಕ್ಕನ ಮಗ, ಒಂದು ಭಾನುವಾರ. ಹೇಗೆ ಮಾಡಬೇಕು ಅಂತ ಪೂರ್ತಿ ಬರೆಯುತ್ತೇನೆ.

ಮೊದಲು ಈ ರಾಡ್ ಏನು ಮಾಡುತ್ತದೆ ಅಂತ ತಿಳಿಯಬೇಕು, ಯಾಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಅದರ ಮೇಲೇ ನಿಂತಿದೆ. ಇಂಗ್ಲಿಷಿನವರು ಸ್ವೇ ಬಾರ್, ಆಂಟಿ ರೋಲ್ ಬಾರ್ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಸ್ಟೆಬಿಲೈಜರ್ ರಾಡ್. ಎರಡೂ ತುದಿ ಬಾಗಿಸಿದ ಒಂದು ಸ್ಪ್ರಿಂಗ್ ಉಕ್ಕಿನ ಸಳಿ ಅಷ್ಟೇ. ನಡುವಿನ ಉದ್ದ ಭಾಗ ರಬ್ಬರಿನ ಎರಡು ಬುಶ್‌ಗಳ ಒಳಗೆ ಗಾಡಿಯ ಅಡಿಗೆ ಕೂತಿರುತ್ತದೆ, ತುದಿಗಳು ಲಿಂಕ್ ರಾಡ್ ಅನ್ನುವ ಗಿಡ್ಡ ಸಳಿಗಳ ಮೂಲಕ ಎಡ ಬಲ ಗಾಲಿಯನ್ನು ಹಿಡಿದಿರುವ ಸಸ್ಪೆನ್ಷನ್ ತೋಳಿಗೆ ಕೂಡಿರುತ್ತವೆ. ಎರಡೂ ಗಾಲಿ ಒಟ್ಟಿಗೆ ಮೇಲೆ ಹೋದರೆ ರಾಡ್ ಬುಶ್‌ನಲ್ಲಿ ಸುಮ್ನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದು ಮೇಲೆ, ಒಂದು ಕೆಳಗೆ ಆದಾಗ ಮಾತ್ರ ತಿರುಚಿಕೊಂಡು ಎರಡನ್ನೂ ಸಮ ಮಾಡಲು ನೋಡುತ್ತದೆ. ಅಂದರೆ ಗಾಡಿ ಸಮ ನಿಂತಾಗ ರಾಡಿನಲ್ಲಿ ಒಂಚೂರೂ ಬಿಗಿ ಇರಬಾರದು. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ತಾನೇ ಸರಿಹೋಗುತ್ತದೆ.

ಈಗ ಕಾರಿನ ಅಡಿಗೆ ಬಗ್ಗಿ ನೋಡಿ. ಸ್ವಿಫ್ಟ್, ಬಲೆನೊ, ಐ20, ಪೋಲೊ ಥರದ ಗಾಡಿಗಳಲ್ಲಿ ಹಿಂದಿನ ಎರಡು ಗಾಲಿಯ ನಡುವೆ ಒಂದೇ ಅಗಲ ಉಕ್ಕಿನ ತೊಲೆ ಕಾಣುತ್ತದೆ. ಅದು ಟಾರ್ಷನ್ ಬೀಮ್. ಆ ತೊಲೆಯೇ ತಿರುಚಿಕೊಂಡು ಸ್ಟೆಬಿಲೈಜರ್ ಕೆಲಸವನ್ನೂ ಮಾಡುತ್ತದೆ. ಅಂಥ ಗಾಡಿಗೆ ಸಿಗುವ ರಾಡ್ ಬೇರೆ ಜಾತಿ, ಎರಡು ತೋಳಿನ ನಡುವೆ ನೇರವಾಗಿ ಬೋಲ್ಟ್ ಆಗುತ್ತದೆ, ಬುಶ್ ಲಿಂಕ್ ಇರುವುದಿಲ್ಲ. ಅದನ್ನು ಕೂಡಿಸಲು ಯಾರಾದರೂ ತೊಲೆಗೆ ವೆಲ್ಡಿಂಗ್ ಹೊಡೆಯೋಣ, ತೂತು ಕೊರೆಯೋಣ ಅಂದರೆ ಬೇಡ ಅನ್ನಿ. ಹಗಲೆಲ್ಲ ತಿರುಚಿಕೊಳ್ಳುವ ಉಕ್ಕು ಅದು, ವೆಲ್ಡಿಂಗ್ ಬಿಸಿಗೆ ಅದರ ಗುಣ ಕೆಟ್ಟು ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ನಾನು ಇಲ್ಲಿ ಹೇಳುವುದು ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಇದ್ದು, ಕಂಪನಿಯೇ ಒಂದು ತೆಳ್ಳನೆ ರಾಡ್ ಕೊಟ್ಟಿರುವ ಗಾಡಿಗಳಿಗೆ. ಹಳೆಯದನ್ನು ಬಿಚ್ಚಿ ಅದೇ ಜಾಗಕ್ಕೆ, ಅದೇ ತೂತುಗಳಿಗೆ ಹೊಸದು ಹಾಕುವುದು.

ದಪ್ಪ ಎಷ್ಟು ಇರಬೇಕು ಅನ್ನುವುದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಗಟ್ಟಿ (ಟೊಳ್ಳಲ್ಲದ) ಸಳಿಯ ಬಿಗಿ, ಅಂದರೆ ಅದನ್ನು ತಿರುಚಲು ಬೇಕಾಗುವ ಬಲ, ಅದರ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ನನ್ನ ಗಾಡಿಯ ಹಳೆಯ ರಾಡ್ 16 ಎಂಎಂ. ಅದನ್ನು 18 ಮಾಡಿದರೆ ಬಿಗಿ ಸುಮಾರು 60% ಜಾಸ್ತಿ. 19 ಮಾಡಿದರೆ ಹತ್ತಿರ ಹತ್ತಿರ ಎರಡು ಪಟ್ಟು. 20 ಆದರೆ ಎರಡೂವರೆ ಪಟ್ಟಿನ ಹತ್ತಿರ. ನೋಡಲು ಎರಡು ಮೂರು ಎಂಎಂ ಅಷ್ಟೇ, ಆದರೆ ಗಾಡಿಯ ನಡತೆಯೇ ಬದಲಾಗುತ್ತದೆ. ಟೊಳ್ಳು ರಾಡ್ ಸಿಕ್ಕರೆ ಬೇಡ ಅನ್ನಬೇಡಿ. ಹೊರಗೆ 22, ಒಳಗೆ 16 ಎಂಎಂ ಇರುವ ಟೊಳ್ಳು ರಾಡ್ ಅದೇ 22ರ ಗಟ್ಟಿ ರಾಡಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಬಿಗಿ ಮಾತ್ರ 70%ಕ್ಕಿಂತ ಜಾಸ್ತಿ ಉಳಿಯುತ್ತದೆ.

ನಾನು ಆರಿಸಿದ್ದು 18. ಕಾರಣ ನಮ್ಮ ರಸ್ತೆ. ಹಿಂಬದಿ ತುಂಬಾ ಬಿಗಿಯಾದರೆ ಒಂದು ಗಾಲಿ ತಗ್ಗಿಗೆ ಬಿದ್ದಾಗ ಅದರ ಹೊಡೆತ ಇನ್ನೊಂದು ಗಾಲಿಗೂ ಹೋಗುತ್ತದೆ, ಗಾಡಿ ಎಡಕ್ಕೂ ಬಲಕ್ಕೂ ತೊಟ್ಟಿಲಿನ ಹಾಗೆ ತೂಗುತ್ತದೆ. ಊರ ಕಡೆ ಐದು ಜನ, ಡಿಕ್ಕಿ ತುಂಬ ಜೋಳದ ಚೀಲ ಹೇರಿಕೊಂಡು ಓಡಾಡುವ ಗಾಡಿಗೆ ಅತಿ ದಪ್ಪ ರಾಡ್ ಸರಿಯಲ್ಲ. ಇನ್ನೊಂದು, ಮಳೆ. ಹಿಂದಿನ ರಾಡ್ ಬಿಗಿಯಾದಷ್ಟೂ ತಿರುವಿನಲ್ಲಿ ಹಿಂದಿನ ಹೊರಗಾಲಿಯ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಅದಕ್ಕೇ ಮುಂದಿನ ಗಾಲಿಗಳಿಗೆ ಹಿಡಿತ ಉಳಿದು ಮೂತಿ ಚೆನ್ನಾಗಿ ತಿರುಗುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ, ತಿರುವಿನ ನಡುವೆ ಗಾಬರಿಯಾಗಿ ಎಕ್ಸಲರೇಟರ್ ಬಿಟ್ಟರೆ ಜಾರುವುದು ಆಗ ಹಿಂಭಾಗ. ಹಿಂದಿನ ಟೈರು ಸವೆದಿದ್ದರೆ ಮೊದಲು ಟೈರು ಹಾಕಿಸಿ, ಆಮೇಲೆ ರಾಡ್.

ಹಾಗೆಯೇ ತಗ್ಗಿನಲ್ಲಿ ಈಗಾಗಲೇ ಹಿಂದಿನಿಂದ ಕಟಕಟ ಸದ್ದು ಬರುತ್ತಿದ್ದರೆ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ, ಅವನ್ನು ಮೊದಲು ಸರಿ ಮಾಡಿ. ಸತ್ತ ಶಾಕ್ ಮೇಲೆ ಹೊಸ ರಾಡ್ ಕೂಡಿಸಿ ಉಪಯೋಗವಿಲ್ಲ.

ಸಾಮಾನು ಏನು ಬೇಕು? ಎರಡು ಟನ್ನಿನ ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, 12, 14, 17ರ ಪಾನಾ ಮತ್ತು ಸಾಕೆಟ್, 5 ಮತ್ತು 6ರ ಎಲ್ ಕೀ, ತಂತಿ ಬ್ರಷ್, ಜಂಗು ಬಿಡಿಸುವ ಸ್ಪ್ರೇ, ಸಿಲಿಕಾನ್ ಗ್ರೀಸ್, ಟಾರ್ಕ್ ರೆಂಚ್ (ನಟ್ಟು ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ). ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ದಿನದ ಮಟ್ಟಿಗೆ ಪರಿಚಯದ ಮಿಸ್ತ್ರಿ ಹತ್ತಿರ ಕೇಳಿ ತನ್ನಿ, ಅಂದಾಜಿಗೆ ಬಿಗಿ ಮಾಡಬೇಡಿ. ಲಿಂಕ್ ನಟ್ಟುಗಳು ನೈಲಾಕ್ ಆಗಿದ್ದರೆ ಹೊಸವೇ ಹಾಕಬೇಕು. ಅದರೊಳಗಿನ ನೈಲಾನ್ ಬಳೆ ಒಮ್ಮೆ ಬಿಚ್ಚಿದ ಮೇಲೆ ಮೊದಲಿನ ಹಾಗೆ ಹಿಡಿಯುವುದಿಲ್ಲ.

ಹಿಂದಿನ ದಿನ ಸಂಜೆ ಒಂದು ಕೆಲಸ ಮಾಡಿಡಿ. ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಗಾಡಿಯ ಅಡಿಗೆ ಮೆತ್ತಿಕೊಂಡ ಮಣ್ಣು ಬೇಸಿಗೆಗೆ ಸಿಮೆಂಟಿನ ಹಾಗೆ ಗಟ್ಟಿಯಾಗಿ ಬೋಲ್ಟಿನ ಎಳೆಗಳನ್ನೆಲ್ಲ ಮುಚ್ಚಿರುತ್ತದೆ. ಅದರ ಮೇಲೆ ಎಷ್ಟು ಸ್ಪ್ರೇ ಹೊಡೆದರೂ ಎಣ್ಣೆ ಮಣ್ಣಿಗೆ ಹೋಗುತ್ತದೆ, ಎಳೆಗೆ ಇಳಿಯುವುದಿಲ್ಲ. ಮೊದಲು ಅಡಿಗೆ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಒಣಗಿದ ಮೇಲೆ ತಂತಿ ಬ್ರಷ್‌ನಿಂದ ಲಿಂಕಿನ ಎಳೆ ಹೊಳೆಯುವವರೆಗೆ ತಿಕ್ಕಿ. ಆಮೇಲೆ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬ್ರೇಕ್ ಡಿಸ್ಕಿಗೆ, ಡ್ರಮ್ಮಿನ ಕಡೆಗೆ ಎಣ್ಣೆ ಸಿಡಿಯದ ಹಾಗೆ ಒಂದು ಅರಿವೆ ಅಡ್ಡ ಹಿಡಿಯಿರಿ.

ಗಾಡಿ ಎತ್ತುವುದೇ ಈ ಇಡೀ ಕೆಲಸದಲ್ಲಿ ಜೀವಕ್ಕೆ ಸಂಬಂಧಿಸಿದ ಭಾಗ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆ ಗದಗ ರಸ್ತೆ ಕಡೆ, ಹಿತ್ತಲು ಅರ್ಧ ಸಿಮೆಂಟ್, ಅರ್ಧ ಎರೆ ಮಣ್ಣು. ಮೊದಲ ಸಲ ಒಂದು ಸ್ಟ್ಯಾಂಡ್ ಮಣ್ಣಿನ ಮೇಲೆ ಬಂದಿತ್ತು, ಅದರ ಕೆಳಗೆ ಒಂದು ಫರಸಿ ಕಲ್ಲು ಇಟ್ಟಿದ್ದೆ. ಮೇಲೆ ಒಣಗಿ ಬಿರುಕು ಬಿಟ್ಟ ನೆಲ, ಗಟ್ಟಿ ಇದೆ ಅನಿಸಿತ್ತು. ಗಾಡಿಯ ಭಾರ ಕೂತ ಐದು ನಿಮಿಷಕ್ಕೆ ಕಲ್ಲು ಟಪ್ ಅಂತ ಎರಡು ತುಂಡಾಯಿತು, ಸ್ಟ್ಯಾಂಡಿನ ಒಂದು ಕಾಲು ಬೆರಳು ಉದ್ದ ಒಳಗೆ ಇಳಿಯಿತು. ಕೆಳಗೆ ಇನ್ನೂ ಯಾರೂ ಹೋಗಿರಲಿಲ್ಲ, ಅದಕ್ಕೇ ಇದನ್ನು ಬರೆಯಲು ಆಗುತ್ತಿದೆ. ಎರೆ ಮಣ್ಣು ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ. ಸಿಮೆಂಟ್ ನೆಲ ಇಲ್ಲದಿದ್ದರೆ ಇರುವ ಸ್ನೇಹಿತರ ಮನೆಗೆ ಹೋಗಿ. ಫರಸಿ, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇವು ಯಾವುವೂ ಕಾರಿನ ಕೆಳಗೆ ಆಸರೆ ಅಲ್ಲ.

ಇನ್ನೊಂದು ಮುಖ್ಯ ಮಾತು. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ನೀವು ಎತ್ತುವುದೂ ಹಿಂದಿನ ಗಾಲಿಗಳನ್ನೇ. ಎತ್ತಿದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ! ಆದ್ದರಿಂದ ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ದಪ್ಪ ಕಟ್ಟಿಗೆ ತುಂಡು ಒತ್ತಿ ಇಡಿ, ಗಾಡಿಯನ್ನು ಫಸ್ಟ್ ಗೇರಿಗೆ ಹಾಕಿ, ಆಟೋಮ್ಯಾಟಿಕ್ ಆದರೆ ಪಿ. ಇಂಜಿನ್ ಹಿಂದಿನ ಗಾಲಿ ಓಡಿಸುವ ಗಾಡಿಯಾದರೆ ಗೇರೂ ಹಿಡಿಯುವುದಿಲ್ಲ, ಪೂರ್ತಿ ಆ ಕಟ್ಟಿಗೆ ತುಂಡುಗಳ ಮೇಲೇ ನಂಬಿಕೆ. ಗಾಲಿ ನಟ್ಟುಗಳನ್ನು ನೆಲದ ಮೇಲೇ ಸ್ವಲ್ಪ ಸಡಿಲ ಮಾಡಿ, ಕಂಪನಿಯ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲೇ ಜಾಕ್ ಹಚ್ಚಿ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಒಂದೇ ಎತ್ತರಕ್ಕೆ ಇಟ್ಟು ಇಳಿಸಿ. ಆಮೇಲೆ ಹೊರಗೆ ನಿಂತು ಎರಡೂ ಕೈಯಿಂದ ಗಾಡಿಯನ್ನು ಜೋರಾಗಿ ಅಲ್ಲಾಡಿಸಿ. ಕದಲಿದರೆ ಈಗಲೇ ಕದಲಲಿ. ಬಿಚ್ಚಿದ ಗಾಲಿಗಳನ್ನು ಗಾಡಿಯ ಅಡಿಗೆ ಎರಡೂ ಬದಿ ಮಲಗಿಸಿಡಿ.

ಬಿಚ್ಚುವುದು ಲಿಂಕಿನಿಂದ ಶುರು. ನಟ್ಟು ತಿರುಗಿಸಿದರೆ ಲಿಂಕಿನ ತುದಿಯ ಒಳಗಿರುವ ಬಾಲ್ (ಉಕ್ಕಿನ ಗುಂಡು) ಕೂಡ ಅದರ ಜೊತೆ ತಿರುಗುತ್ತದೆ, ಅದಕ್ಕೇ ಎಳೆಯ ತುದಿಯಲ್ಲಿ ಎಲ್ ಕೀ ಹಾಕಲು ಒಂದು ಪುಟ್ಟ ಆರು ಮೂಲೆ ತೂತು ಇರುತ್ತದೆ. ಆ ತೂತಿನ ಮಣ್ಣನ್ನು ಸೂಜಿಯಿಂದ ಪೂರ್ತಿ ಕೆದಕಿ ತೆಗೆಯಿರಿ, ಎಲ್ ಕೀ ತಳ ಮುಟ್ಟುವವರೆಗೆ ಹೋಗಬೇಕು. ಅರ್ಧಕ್ಕೆ ಕೂತ ಕೀ ತಿರುಗಿಸಿದರೆ ತೂತು ದುಂಡಗಾಗಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಗ ಉಳಿಯುವ ದಾರಿ ಗ್ರೈಂಡರ್‌ನಿಂದ ನಟ್ಟು ಕತ್ತರಿಸುವುದು, ಪಕ್ಕದಲ್ಲೇ ಬ್ರೇಕ್ ಪೈಪು, ಎಬಿಎಸ್ ವೈರು ಇರುತ್ತವೆ. ಹತ್ತು ನಿಮಿಷ ಕೆದಕುವುದು ಸುಲಭ.

ಲಿಂಕ್ ಎರಡೂ ಬಿಟ್ಟ ಮೇಲೆ ನಡುವೆ ಬುಶ್ ಹಿಡಿದಿರುವ ಬ್ರಾಕೆಟ್ ಬೋಲ್ಟುಗಳು. ಬಿಚ್ಚುವ ಮೊದಲು ಹತ್ತಾರು ಫೋಟೋ ತೆಗೆದಿಟ್ಟುಕೊಳ್ಳಿ: ರಾಡಿನ ಬಾಗು ಯಾವ ಕಡೆ ಇದೆ, ಬುಶ್‌ನ ಸೀಳು ಯಾವ ಕಡೆ ಮುಖ ಮಾಡಿದೆ, ಬ್ರಾಕೆಟ್ ಯಾವ ದಿಕ್ಕಿಗೆ ಕೂತಿದೆ. ರಾಡ್ ಹೊರಗೆ ಬರಲು ಸೈಲೆನ್ಸರ್ ಅಡ್ಡ ಬರುವುದು ಸಾಮಾನ್ಯ. ಸೈಲೆನ್ಸರ್ ತೂಗು ಹಾಕಿದ ರಬ್ಬರಿಗೆ ಸ್ವಲ್ಪ ಸಾಬೂನು ನೀರು ಹಚ್ಚಿದರೆ ಕೊಕ್ಕೆಯಿಂದ ಜಾರಿ ಬರುತ್ತದೆ. ಕೆಳಗೆ ಕಟ್ಟಿಗೆ ಆಸರೆ ಕೊಡಿ, ಪೈಪಿನ ಮೇಲೆ ಜೋತು ಬೀಳಲು ಬಿಡಬೇಡಿ.

ಈಗ ಹೊಸ ರಾಡ್. ಹಳೆಯದರ ಪಕ್ಕ ನೆಲದ ಮೇಲೆ ಮಲಗಿಸಿ ಹೋಲಿಸಿ ನೋಡಿ. ಬಾಗುಗಳು, ಅಗಲ, ತುದಿಯ ತೂತು ಎಲ್ಲ ಹೊಂದಬೇಕು. ನನಗೆ ಒಂದು ಅಂಗಡಿಯವರು ಕೊಟ್ಟ ಲಿಂಕ್ ರಾಡ್ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ಎಂಟು ಎಂಎಂ ಗಿಡ್ಡ ಇತ್ತು, ಹೀಗೆ ನೆಲದ ಮೇಲೆ ಇಟ್ಟು ನೋಡಿದಾಗಲೇ ಕಂಡಿದ್ದು. ಹಾಗೇ ಹಾಕಿದ್ದರೆ ಗಾಡಿ ಸಮ ನಿಂತಾಗಲೂ ರಾಡ್ ತಿರುಚಿಕೊಂಡೇ ಇರುತ್ತಿತ್ತು.

ಬುಶ್ ಹತ್ತಿರದಿಂದ ನೋಡಿ. ಕಂಪನಿಯದು ಕಪ್ಪು ರಬ್ಬರ್. ಹೊರಗೆ ಕೊಂಡ ರಾಡ್ ಜೊತೆ ಬರುವುದು ಹೆಚ್ಚಾಗಿ ಪಾಲಿಯುರೆಥೇನ್, ಗಟ್ಟಿ ಪ್ಲಾಸ್ಟಿಕ್ಕಿನ ಹಾಗೆ, ಒಂದು ಬದಿ ಚಪ್ಪಟೆ, ಒಂದು ಬದಿ ದುಂಡಗೆ, ಒಂದು ಕಡೆ ಸೀಳು. ಸೀಳು ಬಿಡಿಸಿದರೆ ಒಳಗೋಡೆಯಲ್ಲಿ ಸಣ್ಣ ಸಣ್ಣ ಗೀರುಗಳು ಕಾಣಬಹುದು, ಗ್ರೀಸ್ ನಿಲ್ಲಲಿ ಅಂತ ಮಾಡಿದ್ದು. ಆ ಗೀರುಗಳಿಗೆ ಬೆರಳಿನಿಂದ ಸಿಲಿಕಾನ್ ಗ್ರೀಸ್ ತುಂಬಿ, ರಾಡಿನ ಮೇಲೆ ಬುಶ್ ಕೂರುವ ಜಾಗಕ್ಕೂ ಸವರಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಬೇಡ. ರಬ್ಬರ್ ಬುಶ್ ಆದರೆ ಪೆಟ್ರೋಲಿಯಂ ಗ್ರೀಸಿಗೆ ಅದು ಉಬ್ಬಿ ಕೊಳೆಯುತ್ತದೆ, ಅದಕ್ಕೆ ಸಾಬೂನು ನೀರು ಸಾಕು.

ರಾಡ್ ಮೇಲೆತ್ತಿ, ಬುಶ್ ಕೂಡಿಸಿ, ಬ್ರಾಕೆಟ್ ಬೋಲ್ಟುಗಳನ್ನು ಕೈಯಿಂದ ಹಚ್ಚಿ. ಎಡ ಬಲ ತುದಿಯಿಂದ ಟೇಪ್ ಹಿಡಿದು ರಾಡ್ ನಡುವೆ ಬಂದಿದೆಯಾ ನೋಡಿ, ಆಮೇಲೆ ಬಿಗಿ ಮಾಡಿ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಲೆಕ್ಕವೇ ಅಂತಿಮ, ಸಾಮಾನ್ಯ 8.8 ದರ್ಜೆಯ 8 ಎಂಎಂ ಬೋಲ್ಟಿಗೆ 25 ನ್ಯೂಟನ್ ಮೀಟರ್ ಆಸುಪಾಸು, 10 ಎಂಎಂಗೆ 45ರ ಆಸುಪಾಸು ಇರುತ್ತದೆ. ಈಗ ಲಿಂಕ್ ಕೂಡಿಸುವ ಮೊದಲು ರಾಡಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಕೈಯಿಂದಲೇ ತಿರುಗಬೇಕು. ಸ್ವಲ್ಪ ಭಾರ ಅನಿಸಿದರೆ ಸರಿ, ಕಲ್ಲಿನ ಹಾಗೆ ನಿಂತರೆ ತಪ್ಪು. ನಮ್ಮದು ನಿಂತಿತ್ತು. ಬಿಚ್ಚಿ ನೋಡಿದರೆ ಬುಶ್ ಕೂರುವ ಜಾಗದಲ್ಲಿ ಬಣ್ಣ ದಪ್ಪಗೆ ಹರಿದು ಗಂಟು ಕಟ್ಟಿತ್ತು. ಸಣ್ಣ ಎಮೆರಿ ಕಾಗದ ಹಿಡಿದು ಆ ಗಂಟನ್ನು ತೀಡಿದ ಮೇಲೆ, ಮತ್ತೆ ಗ್ರೀಸ್ ಹಚ್ಚಿ ಬಿಗಿ ಮಾಡಿದರೆ, ಎರಡು ಬೆರಳಿಗೆ ತಿರುಗಿತು. ಬುಶ್‌ನಲ್ಲಿ ಸಿಕ್ಕಿಕೊಂಡ ರಾಡ್ ಪ್ರತಿ ತಗ್ಗಿನಲ್ಲೂ ಬಿಗಿ ಕೊಡುತ್ತದೆ, ಕಿರಗುಡುತ್ತದೆ, ಕೊನೆಗೆ ಬ್ರಾಕೆಟ್ ಹರಿಯುತ್ತದೆ.

ಲಿಂಕ್ ಕೂಡಿಸುವಾಗ ನಮಗೆ ಅರ್ಧ ತಾಸು ಹೋಯಿತು. ಎಡಗಡೆ ಸರಾಗ ಕೂತಿತು. ಬಲಗಡೆ ತೂತಿಗೂ ಲಿಂಕಿಗೂ ಎರಡು ಬೆರಳು ಅಂತರ. ಅಳಿಯ ಸ್ಕ್ರೂಡ್ರೈವರ್ ಹಾಕಿ ಮೀಟತೊಡಗಿದ, "ಮಾಮಾ, ಈ ಕಡೆ ಕೂಡವಲ್ದು ನೋಡ್ರಿ" ಅಂದ. ಓಣಿಯ ಮಿಸ್ತ್ರಿ ಕಾಕಾ ಬಂದು ಬಗ್ಗಿ ನೋಡಿ ಒಂದೇ ಮಾತು ಹೇಳಿದರು: "ಎರಡೂ ಗಾಲಿ ಸಮ ಮಾಡ್ರಿ ಮೊದಲ, ತಾನ ಕೂಡ್ತದ." ಎಡಗಡೆ ತೋಳಿನ ಕೆಳಗೆ ಜಾಕ್ ಹಾಗೇ ಬಿಟ್ಟಿದ್ದೆವು, ಆ ಗಾಲಿ ಮೇಲೆ, ಈ ಗಾಲಿ ಕೆಳಗೆ. ಜಾಕ್ ಇಳಿಸಿದ್ದೇ ತಡ ಬೋಲ್ಟ್ ಬೆರಳಿನಿಂದಲೇ ಒಳಗೆ ಹೋಯಿತು. ಎರಡೂ ಕಡೆ ಸಮ ಜೋತು ಬಿದ್ದಿರಲಿ, ಇಲ್ಲ ಸಮ ಎತ್ತಿರಲಿ. ಮೀಟಿ ಒತ್ತಿ ಕೂಡಿಸಿದ ಲಿಂಕ್ ಅಂದರೆ ಮೊದಲೇ ತಿರುಚಿದ ರಾಡ್.

ರಾಡಿನ ತುದಿಯಲ್ಲಿ ಎರಡು ಮೂರು ತೂತು ಇದ್ದರೆ ಅತ್ತ ತುದಿಯದು ಮೆದು, ಒಳಗಿನದು ಬಿಗಿ. ರಾಡಿನ ಬಾಗಿದ ತೋಳಿನ ಉದ್ದ 200 ಎಂಎಂನಿಂದ 180ಕ್ಕೆ ಇಳಿದರೆ ಬಿಗಿ ಸುಮಾರು 23% ಏರುತ್ತದೆ. ಮೆದು ತೂತಿನಿಂದ ಶುರು ಮಾಡಿ, ಎಡಕ್ಕೂ ಬಲಕ್ಕೂ ಒಂದೇ ತೂತು. ಆಮೇಲೆ ಟಾರ್ಚ್ ಹಿಡಿದು ಸುತ್ತ ನೋಡಿ: ಬ್ರೇಕ್ ಹೋಸ್, ಎಬಿಎಸ್ ವೈರು, ಹ್ಯಾಂಡ್ ಬ್ರೇಕ್ ಕೇಬಲ್, ಸೈಲೆನ್ಸರ್ ಯಾವುದಕ್ಕೂ ರಾಡ್ ತಾಗಬಾರದು. ಗಾಲಿ ಕೆಳಗೆ ಜೋತಿದ್ದಾಗ ಒಮ್ಮೆ, ಗಾಡಿಯ ಭಾರ ಗಾಲಿಯ ಮೇಲೆ ಬಂದಾಗ ಇನ್ನೊಮ್ಮೆ ನೋಡಬೇಕು, ಎರಡೂ ಸ್ಥಿತಿಯಲ್ಲಿ ರಾಡಿನ ಜಾಗ ಬೇರೆ. ಲಿಂಕಿನ ತುದಿಯಲ್ಲಿ ಬಾಲ್ ಬದಲು ರಬ್ಬರ್ ಬುಶ್ ಇದ್ದರೆ ಕೊನೆಯ ಬಿಗಿ ಗಾಡಿ ನೆಲಕ್ಕೆ ಇಳಿದು ಗಾಲಿಯ ಮೇಲೆ ನಿಂತ ಮೇಲೆಯೇ. ಜೋತು ಬಿದ್ದ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಆ ರಬ್ಬರ್ ಓಡಾಟದಲ್ಲೆಲ್ಲ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಎಲ್ಲ ಬಿಗಿಯಾದ ಮೇಲೆ ಪ್ರತಿ ನಟ್ಟಿನ ಮೇಲಿಂದ ಬ್ರಾಕೆಟ್ ಮೇಲೆ ಬರುವ ಹಾಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಗಾಲಿ ನಟ್ಟುಗಳು ಮರೆಯಬೇಡಿ, ನೆಲದ ಮೇಲೆ, ಟಾರ್ಕ್ ರೆಂಚಿನಿಂದ.

ಮೊದಲ ಓಟ ಮನೆ ಹತ್ತಿರದ ಒಳರಸ್ತೆಗಳಲ್ಲಿ, 20-30 ವೇಗದಲ್ಲಿ, ರೇಡಿಯೋ ಬಂದ್ ಮಾಡಿ. ಬೈಪಾಸ್ ಕಡೆ ಹೋಗಿ ನೋಡೋಣ ಅಂತ ಯೋಚಿಸಬೇಡಿ, ಅದು ಪರೀಕ್ಷೆ ಮಾಡುವ ರಸ್ತೆ ಅಲ್ಲ. ಸ್ಪೀಡ್ ಬ್ರೇಕರ್ ಒಮ್ಮೆ ನೇರ ದಾಟಿ, ಒಮ್ಮೆ ಒಂದೊಂದೇ ಗಾಲಿ ಏರುವ ಹಾಗೆ ಓರೆಯಾಗಿ ದಾಟಿ. ನೇರ ದಾಟಿದಾಗ ಮೊದಲಿಗೂ ಈಗಿಗೂ ವ್ಯತ್ಯಾಸ ಗೊತ್ತಾಗಬಾರದು. ಓರೆ ದಾಟಿದಾಗ ಗಾಡಿ ಮೊದಲಿಗಿಂತ ತುಸು ಗಡುಸು ಅನಿಸಬೇಕು. ಕಿರಗುಟ್ಟಿದರೆ ಬುಶ್‌ಗೆ ಗ್ರೀಸ್ ಸಾಲದು, ಟಕ್ ಅಂದರೆ ಲಿಂಕ್ ಸಡಿಲ, ಝಣ್ ಅಂತ ಲೋಹದ ಸದ್ದು ಬಂದರೆ ರಾಡ್ ಸೈಲೆನ್ಸರಿಗೆ ತಾಗುತ್ತಿದೆ. ಗಾಡಿ ವಾರಂಟಿಯಲ್ಲಿದ್ದರೆ ಸಸ್ಪೆನ್ಷನ್ ವಿಷಯದಲ್ಲಿ ತಕರಾರು ಬರಬಹುದು, ಮೊದಲೇ ಕೇಳಿಕೊಳ್ಳಿ. ವಿಮೆಯವರಿಗೂ ಒಂದು ಪತ್ರ ಬರೆದು ತಿಳಿಸಿಬಿಡಿ.

ಮುಂದಿನ ಕೆಲವು ವಾರ ಗಾಡಿಯ ಹೊಸ ನಡತೆ ಕಲಿಯಲು ಕೊಡಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಎಕ್ಸಲರೇಟರ್ ಒಂದೇ ಸಮ ಇಡಿ. ಮಳೆಗಾಲದಲ್ಲಿ ಘಾಟಿ ಇಳಿಯುವವರು ಇದನ್ನು ರೂಢಿ ಮಾಡಿಕೊಳ್ಳಲೇಬೇಕು. 100 ಕಿಲೋಮೀಟರ್ ಆದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಬಗ್ಗಿ ಬಿಳಿ ಗೆರೆಗಳನ್ನು ನೋಡಿ. ನಟ್ಟಿನ ಗೆರೆ, ಬ್ರಾಕೆಟ್ಟಿನ ಗೆರೆ ಒಂದೇ ಸಾಲಿನಲ್ಲಿದ್ದರೆ ಕೈ ಹಚ್ಚಬೇಡಿ. ಒಂದು ಕೂದಲಷ್ಟು ಸರಿದಿದ್ದರೂ ಆ ನಟ್ಟು ತೆಗೆದು ಹೊಸದು ಹಾಕಿ ಮತ್ತೆ ಗೆರೆ ಎಳೆಯಿರಿ.